ಮುಹೂರ್ತ ಇಲ್ಲದ ಕೆಲಸ

ಆಪ್ತಸಲಹೆಗೆ ನನ್ನ ಹತ್ತಿರ ಬಂದ, ಮೈಸೂರಿನ ಛತ್ರಗಳಲ್ಲಿ ಹೂವಿನ ಅಲಂಕಾರ ಮಾಡಿಸುವ ಕಂಟ್ರಾಕ್ಟರ್ ಒಬ್ಬರ ಪ್ರಕರಣ ಇದು. ವಿಷಯ ದೊಡ್ಡವರಲ್ಲಿ ಕಾಣುವ ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದ, ಚಡಪಡಿಕೆಯ ತೊಂದರೆ. ಅವರನ್ನು ಮಧು ಅನ್ನೋಣ, ಹೆಂಡತಿಯನ್ನು ಸುಮಾ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ.

ಮೊದಲು ಬಂದದ್ದು ಸುಮಾ. ಬ್ಯಾಂಕಿನ ಕಂತು ಕಟ್ಟಲು ಬಳೆ ಅಡ ಇಟ್ಟಿದ್ದರು. ಹಾಗಂತ ವ್ಯಾಪಾರ ಇಲ್ಲ ಅಂತಲ್ಲ. ಸೀಸನ್ ಬಂದರೆ ಗಂಡನಿಗೆ ಮನೆಗೆ ಬರಲೂ ಪುರುಸೊತ್ತಿಲ್ಲ. ಗಿರಾಕಿಗಳಿಂದ ಬರಬೇಕಾದ ಬ್ಯಾಲೆನ್ಸೇ 4 ಲಕ್ಷದ ಹತ್ತಿರ ಇತ್ತು. ಅದರಲ್ಲಿ ಅರ್ಧದಷ್ಟಕ್ಕೆ ಮಧು ಬಿಲ್ಲನ್ನೇ ಕೊಟ್ಟಿರಲಿಲ್ಲ. "ದುಡಿದ ದುಡ್ಡು ಕೇಳೋಕೆ ಏನು ಕಷ್ಟ ಮೇಡಂ? ದಿನಾ ನಾನೇ ನೆನಪಿಸ್ಬೇಕು. ನಾನು ಇವರ ಹೆಂಡ್ತಿನಾ, ಅಲಾರಂ ಗಡಿಯಾರನಾ?" ಮನೆಯಲ್ಲಿ ಉಳಿದವರೆಲ್ಲ ಇದಕ್ಕೆ ಉಡಾಫೆ ಅನ್ನುತ್ತಿದ್ದರು.

ಮಧು ಬಂದದ್ದು ಮುಂದಿನ ವಾರ, ಹೇಳಿದ ಹೊತ್ತಿಗಿಂತ ಮುಕ್ಕಾಲು ಗಂಟೆ ತಡವಾಗಿ. ಕೂತ ಕೂಡಲೇ ಒಂದು ಮದುವೆಯ ಕತೆ ಶುರು ಮಾಡಿದರು. ದೇವರಾಜ ಮಾರುಕಟ್ಟೆಯಿಂದ ತಂದ ಸೇವಂತಿಗೆ ಅರ್ಧಕ್ಕರ್ಧ ಬಾಡಿಹೋಗಿತ್ತು. ಆಗ ರಾತ್ರಿ ಎರಡು ಗಂಟೆ, ಬೆಳಗ್ಗೆ ಆರೂವರೆಗೆ ಲಗ್ನ. ಪರಿಚಯದ ತೋಟದವರನ್ನು ಎಬ್ಬಿಸಿ ಹೊಂಬಾಳೆ, ತೆಂಗಿನ ಗರಿ, ಬಾಳೆಕಂದು ತರಿಸಿ ಇಡೀ ಮಂಟಪವನ್ನು ಹಸಿರಿನಲ್ಲೇ ನಿಲ್ಲಿಸಿದರು. ಗಂಡಿನ ಕಡೆಯವರು ಇದೇನೋ ಹೊಸ ಡಿಸೈನ್ ಅಂದುಕೊಂಡು ತಮ್ಮ ಮನೆಯ ಇನ್ನೊಂದು ಮದುವೆಗೂ ಮಾತಾಡಿದರಂತೆ.

"ಆ ಮದುವೆಯ ಬ್ಯಾಲೆನ್ಸ್ ಬಂತಾ?" ಅಂದೆ.

"ಅದು... ಕೇಳ್ಬೇಕು ಮೇಡಂ."

ಮದುವೆ ಮುಗಿದ ಮಧ್ಯಾಹ್ನ ನಮ್ಮ ಛತ್ರಗಳಲ್ಲಿ ಏನಾಗುತ್ತದೆ ಅಂತ ನೋಡಿರುತ್ತೀರಿ. ಕೊನೆ ಪಂಕ್ತಿ ಏಳುವ ಹೊತ್ತಿಗೆ ಹೆಣ್ಣಿನ ಸೋದರಮಾವನೋ ಚಿಕ್ಕಪ್ಪನೋ ಕೈಚೀಲ ಹಿಡಿದು ಉಗ್ರಾಣದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅಡುಗೆಯವರು, ಓಲಗದವರು, ಪುರೋಹಿತರು, ವಿಡಿಯೋದವರು, ಪಾತ್ರೆ ತೊಳೆದವರು ಒಬ್ಬೊಬ್ಬರಾಗಿ ಬಂದು ಲೆಕ್ಕ ಚುಕ್ತಾ ಮಾಡಿಸಿಕೊಳ್ಳುತ್ತಾರೆ. ಅವತ್ತು ಎಲ್ಲರ ಕೈ ಧಾರಾಳ. ವಾರ ಕಳೆದರೆ ಅದೇ ಮನುಷ್ಯ ಒಂದು ಹಾರ ಕಮ್ಮಿ ಇತ್ತಲ್ಲ ಅಂತ ಚೌಕಾಸಿಗೆ ಇಳಿಯುತ್ತಾರೆ. ಆ ಬಾಗಿಲಿಗೆ ಬಾರದವರು ಮಧು ಒಬ್ಬರೇ. ಧಾರೆ ಆದ ಕೂಡಲೇ ಮುಂದಿನ ಛತ್ರಕ್ಕೋ, ಇಲ್ಲ ಮನೆಗೆ ಮಲಗಲಿಕ್ಕೋ ಹೊರಟಿರುತ್ತಾರೆ.

ಮುಹೂರ್ತ ಇರುವ ಕೆಲಸದಲ್ಲಿ ಈತ ತಪ್ಪಿದ್ದೇ ಇಲ್ಲ. ಮುಹೂರ್ತ ಇಲ್ಲದ ಕೆಲಸ ಒಂದೂ ಮುಗಿದಿಲ್ಲ. ಬಿಲ್, ಜಿಎಸ್‌ಟಿ, ಹೂವಿನ ಮಂಡಿಯ ಲೆಕ್ಕ, ಗಾಡಿಯ ಇನ್ಶೂರೆನ್ಸ್, ಎಲ್ಲದರದ್ದೂ ಇದೇ ಪಾಡು. ಉಡಾಫೆಯಾಗಿದ್ದರೆ ಎರಡು ಕಡೆಯೂ ಕಾಣಬೇಕಿತ್ತು, ಅಲ್ವಾ?

ಎಡಿಎಚ್‌ಡಿ ಇದೆಯೋ ಇಲ್ಲವೋ ಅಂತ ತೀರ್ಮಾನ ಹೇಳುವುದು ನನ್ನಂಥ ಆಪ್ತಸಲಹೆಗಾರರ ಕೆಲಸವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 18 ಪ್ರಶ್ನೆಗಳ ಪಟ್ಟಿ ತುಂಬಿಸಿ, ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಿದೆ. ಅವರು ಆತುರಪಡಲಿಲ್ಲ. ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಖಿನ್ನತೆ ಇದೆಯಾ ನೋಡಿದರು, ನಿದ್ದೆಯ ಬಗ್ಗೆ ಜಾಸ್ತಿ ಕೇಳಿದರು. ರಾತ್ರಿ ಪೂರ್ತಿ ಮಂಟಪ ಕಟ್ಟಿ ಹಗಲು ಮಲಗುವವನಿಗೆ ಮರೆವು ಬರಲು ಬೇರೆ ಕಾಯಿಲೆಯೇ ಬೇಕಿಲ್ಲ. ಆದರೆ ಮಧು ಅವರ ತೊಂದರೆ ಈ ಕಸುಬಿಗಿಂತ ಹಳೆಯದು. ಮನೋವೈದ್ಯರು ಕಾಯಿಲೆ ಗುರುತಿಸಲು ಬಳಸುವ ಅಮೆರಿಕದ ಕೈಪಿಡಿ, 2013ರಲ್ಲಿ ಬಂದ ಡಿಎಸ್‌ಎಂ-5ರ ಮಾನದಂಡದ ಪ್ರಕಾರ ಇಂಥ ಕೆಲವು ಲಕ್ಷಣಗಳಾದರೂ 12 ವರ್ಷಕ್ಕೆ ಮೊದಲೇ ಕಂಡಿರಬೇಕು. ಆ ಸಾಕ್ಷಿ ಹೇಳಿದ್ದು ಅವರ ತಾಯಿ. "ಕಾಲಲ್ಲಿ ಚಕ್ರ ಇತ್ತು ಕಣವ್ವ ಇವನಿಗೆ. ಊಟದ ಡಬ್ಬಿ ತಿಂಗಳಿಗೊಂದು ಕಳೀತಿದ್ದ. ಮೇಷ್ಟ್ರು, ಬುದ್ಧಿ ಇದೆ, ಕೂತ ಕಡೆ ಕೂರಲ್ಲ ಅಂತಿದ್ರು."

ಇದು ಎಡಿಎಚ್‌ಡಿಯೇ ಅಂತ ವೈದ್ಯರು ಹೇಳಿದ ಮೇಲೆ ಸಲಹೆಯ ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಬಹಳ ಕಾಲದಿಂದ ಹೇಳುತ್ತಾ ಬಂದಿರುವುದೊಂದಿದೆ: ಎಡಿಎಚ್‌ಡಿ ಇರುವವರಿಗೆ ಏನು ಮಾಡಬೇಕು ಅಂತ ಗೊತ್ತಿರುತ್ತದೆ, ಗೊತ್ತಿರುವುದನ್ನು ಆ ಹೊತ್ತಿಗೆ ಮಾಡಲಿಕ್ಕೆ ಆಗುವುದಿಲ್ಲ. ಹಾಗಾಗಿ ಕೆಲಸ ನಡೆಯುವ ಜಾಗದಲ್ಲೇ ಆಸರೆ ಕೊಡಬೇಕು. ಡೈರಿ ಬರೆಯಿರಿ, ಬೆಳಗ್ಗೆ ಐದಕ್ಕೆ ಏಳಿ ಅನ್ನುವ ಉಪದೇಶ ಮಧು ಸಾಕಷ್ಟು ಕೇಳಿದ್ದರು. ಮೊಬೈಲಿನಲ್ಲಿ ರಿಮೈಂಡರ್ ಆ್ಯಪ್‌ಗಳಿದ್ದವು, ಅಲಾರಂ ಹೊಡೆದರೆ ಕೈ ತಾನಾಗಿ ಆಫ್ ಮಾಡುತ್ತಿತ್ತು.

ನಾನು ಹೇಳಿದ್ದು, ಬಿಲ್ಲಿಗೂ ಮುಹೂರ್ತ ಇಡಿ ಅಂತ. ಒಪ್ಪಂದದಲ್ಲೇ ಬರೆಯಿರಿ: ಬ್ಯಾಲೆನ್ಸ್ ಕೊಟ್ಟ ಮೇಲೆಯೇ ಮಂಟಪ ಬಿಚ್ಚುವುದು. ಛತ್ರ ಖಾಲಿ ಮಾಡುವ ಹೊತ್ತು ಗೊತ್ತಿರುವುದರಿಂದ ಆ ಗಡುವು ಎರಡೂ ಕಡೆಯವರನ್ನು ಒತ್ತುತ್ತದೆ. ಬಿಲ್ಲನ್ನು ಹಿಂದಿನ ದಿನವೇ ಬರೆದು, ಹೂ ಕತ್ತರಿಸುವ ಕತ್ತರಿ, ತಂತಿ ಇರುವ ಡಬ್ಬದಲ್ಲೇ ಇಡಿ. ಉಗ್ರಾಣದ ಬಾಗಿಲಿಗೆ ನೀವು ಹೋಗಬೇಕಂತಲೂ ಇಲ್ಲ. ಮಂಟಪ ಬಿಚ್ಚಲು ಉಳಿಯುವ ಹಿರಿಯ ಹುಡುಗ ಹೋಗಲಿ. ಅವನಿಗೆ ಅದಕ್ಕೆಂದೇ ಇನ್ನೂರು ರೂಪಾಯಿ ಜಾಸ್ತಿ ಕೊಡಿ.

ಮಧು ಮುಖ ಸಣ್ಣದಾಯಿತು. "ಮಂಟಪ ಬಿಚ್ಚಲ್ಲ ಅಂತ ಹೇಳೋದಾ? ಮರ್ಯಾದಸ್ಥರು ಏನಂದ್ಕೋತಾರೆ?" ದುಡ್ಡು ಕೇಳುವ ಸಂಕೋಚ ಎಡಿಎಚ್‌ಡಿ ಅಲ್ಲ. ಅದು ನಮ್ಮ ಕಡೆಯ ಜನರಲ್ಲಿ ಇದ್ದದ್ದೇ. ಆದರೆ ಎರಡೂ ಸೇರಿದರೆ ಬಾಕಿ ಬೆಳೆಯುತ್ತದೆ. ಕೊನೆಗೆ ಮಾತು ಬದಲಿಸಿಕೊಂಡೆವು: "ನಮ್ಮ ಹುಡುಗ ಲೆಕ್ಕ ಮುಗಿಸ್ಕೊಂಡು ಮಂಟಪ ಬಿಚ್ತಾನೆ ಸಾರ್." ಇದನ್ನು ಮಧು ಹೇಳಬಲ್ಲರು.

ಇನ್ನೊಂದು ತೊಂದರೆ ಫೋನಿನಲ್ಲಿ ತಕ್ಷಣ ಹ್ಞೂಂ ಅನ್ನುವುದು. ಒಂದೇ ಲಗ್ನಕ್ಕೆ ಎರಡು ಛತ್ರ ಒಪ್ಪಿಕೊಂಡು ಒದ್ದಾಡಿದ್ದರು. ಗೋಡೌನಿನ ಗೋಡೆಗೆ ದೊಡ್ಡ ಬಿಳಿ ಬೋರ್ಡ್ ಹಾಕಿಸಿದೆವು. ಒಂದು ಮದುವೆಗೆ ಒಂದು ಸಾಲು: ಅಡ್ವಾನ್ಸ್, ಹೂವಿನ ಆರ್ಡರ್, ಬಿಲ್, ಬ್ಯಾಲೆನ್ಸ್. ಫೋನ್ ಒಳಗೆ ಇದ್ದದ್ದು ಮಧು ಪಾಲಿಗೆ ಇಲ್ಲದ ಹಾಗೇ. ಬೋರ್ಡ್ ನೋಡದೆ ಯಾರಿಗೂ ತಾರೀಖು ಕೊಡುವಂತಿಲ್ಲ, "ನೋಡಿ ಸಂಜೆ ಹೇಳ್ತೀನಿ" ಅನ್ನಬೇಕು.

ಸುಮಾ ಬಿಲ್ಲಿಂಗ್ ನಾನೇ ನೋಡಿಕೊಳ್ಳುತ್ತೇನೆ ಅಂದರು. ನಾನು ಒಪ್ಪಲಿಲ್ಲ. ಮನೆಯಲ್ಲಿ ಈಗಾಗಲೇ ಅಲಾರಂ ಆಗಿರುವವರು ಆಫೀಸಿನಲ್ಲೂ ಅದೇ ಆದರೆ ಸಂಸಾರಕ್ಕೆ ಏನು ಉಳಿಯುತ್ತದೆ? ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳನ್ನು ವಾರಕ್ಕೆ ಎರಡು ಮಧ್ಯಾಹ್ನ ಸಂಬಳಕ್ಕೆ ಇಟ್ಟುಕೊಂಡರು. ಅವಳು ಬಿಲ್ಲುಗಳ ಫೋಟೋ ತೆಗೆದು ಆಡಿಟರಿಗೆ ಕಳಿಸುವುದಷ್ಟೇ ಅಲ್ಲ, ಮಧು ಲೆಕ್ಕ ನೋಡುವಾಗ ಎದುರಿಗೆ ಕೂತಿರುತ್ತಾಳೆ. ಇನ್ನೊಬ್ಬರು ಸುಮ್ನೆ ಜೊತೆಗೆ ಕೂತಿದ್ದರೂ ಎಡಿಎಚ್‌ಡಿ ಇರುವ ಎಷ್ಟೋ ಜನರಿಗೆ ಕೆಲಸ ಸಾಗುತ್ತದೆ.

ಜಿಎಸ್‌ಟಿಯಲ್ಲಿ ಸಣ್ಣ ಭಿನ್ನಾಭಿಪ್ರಾಯ ಬಂತು. ಹಿಂದಿನ ತಿಂಗಳ ವಹಿವಾಟು, ತೆರಿಗೆಯ ಲೆಕ್ಕ ಕೊಡುವ 3ಬಿ ರಿಟರ್ನ್ ತಿಂಗಳ 20ರೊಳಗೆ ಹೋಗಬೇಕು. ತಡವಾದರೆ ತೆರಿಗೆ ಇರುವವರಿಗೆ ದಿನಕ್ಕೆ 50 ರೂಪಾಯಿ, ಏನೂ ವಹಿವಾಟಿಲ್ಲದವರಿಗೆ 20 ರೂಪಾಯಿ ಶುಲ್ಕ. 5 ಕೋಟಿವರೆಗೆ ವಹಿವಾಟು ಇರುವವರು ಮೂರು ತಿಂಗಳಿಗೊಮ್ಮೆ ಹಾಕುವ ಪದ್ಧತಿಗೆ ಹೋಗಬಹುದು, ಅದೇ ಸುಲಭ ಅಂದರು ಆಡಿಟರ್. ಆಗಲೂ ತೆರಿಗೆ ತಿಂಗಳಿಗೊಮ್ಮೆ ಕಟ್ಟಲೇಬೇಕು. ಮೂರು ತಿಂಗಳ ಚೀಟಿ ಒಟ್ಟಿಗೆ ಬಿದ್ದರೆ ಈತ ಗೋಡೌನಿಗೇ ಬರುವುದಿಲ್ಲ ಅಂತ ನನಗೆ ಅನಿಸಿತು. ಸದ್ಯಕ್ಕೆ ತಿಂಗಳ ಪದ್ಧತಿಯೇ ನಡೆದಿದೆ.

ವೈದ್ಯರು ಬಿಪಿ, ನಾಡಿ ನೋಡಿ, ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆಯನ್ನು ಕಮ್ಮಿ ಪ್ರಮಾಣದಲ್ಲಿ ಶುರು ಮಾಡಿದರು. ರಾತ್ರಿ ಕೆಲಸ ಇರುವ ದಿನ ಯಾವಾಗ ತೆಗೆದುಕೊಳ್ಳಬೇಕು ಅನ್ನುವುದನ್ನೂ ಅವರೇ ಹೇಳಿದರು. ಇದು ಚೀಟಿ ಇಲ್ಲದೆ ಸಿಗುವ ಔಷಧವಲ್ಲ, ಗೆಳೆಯನಿಂದ ಇಸ್ಕೊಂಡು ನುಂಗುವಂಥದ್ದಂತೂ ಅಲ್ಲವೇ ಅಲ್ಲ. ಕೂತು ಲೆಕ್ಕ ನೋಡಲು ಆಗುತ್ತಿದೆ ಅನ್ನುತ್ತಾರೆ ಮಧು. ಆದರೆ ಮಾತ್ರೆ ನುಂಗಿ ಕೂತು, ಬಿಲ್ ಬಿಟ್ಟು ಎರಡು ಗಂಟೆ ಹೊಸ ಹೂವಿನ ಡಿಸೈನ್ ನೋಡಿದ ದಿನವೂ ಇದೆ. ಬೋರ್ಡು, ಹುಡುಗಿ, ಒಪ್ಪಂದ ಬೇಕಾದದ್ದು ಇದಕ್ಕೇ.

ಎಲ್ಲಕ್ಕಿಂತ ಕಷ್ಟ ಆಷಾಢ. ಚಾಮುಂಡಿ ಬೆಟ್ಟದಲ್ಲಿ ಶುಕ್ರವಾರಗಳ ಜನಜಾತ್ರೆ, ಇತ್ತ ಮದುವೆ ಛತ್ರಗಳಿಗೆ ಬೀಗ. ಒತ್ತಡ ಇಲ್ಲದ ತಲೆ ಹೊಸ ಬಿಸಿನೆಸ್ ಹುಡುಕುತ್ತದೆ. ಹಿಂದಿನ ಆಷಾಢದಲ್ಲಿ ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಎಲ್‌ಇಡಿ ವಾಲ್ ತಂದಿದ್ದರು. ಸುಮಾ ಬಳೆ ಹೋದದ್ದು ಅದರ ಕಂತಿಗೇ. ಐಡಿಯಾ ಎಷ್ಟು ಬೇಕಾದರೂ ಪುಸ್ತಕದಲ್ಲಿ ಬರೆಯಿರಿ, ಶ್ರಾವಣ ಬರುವವರೆಗೆ ದುಡ್ಡು ಹಾಕಬೇಡಿ ಅಂದೆ. ಹತ್ತು ಸಾವಿರಕ್ಕೆ ಮೇಲ್ಪಟ್ಟದ್ದಕ್ಕೆ ಇಬ್ಬರೂ ಒಪ್ಪಬೇಕು. "ಹಾಗಾದ್ರೆ ನನ್ನ ತಲೆ ಓಡೋದೇ ಬೇಡ್ವಾ ಮೇಡಂ?" ಅಂತ ಸಿಟ್ಟಾದರು. ಎಡಿಎಚ್‌ಡಿ ಒಂದು ವರ ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. ಹೊಂಬಾಳೆ ಮಂಟಪ ಕಟ್ಟಿದ ತಲೆಯೇ ಎಲ್‌ಇಡಿ ವಾಲನ್ನೂ ತಂದದ್ದು. ಅದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹತ್ತಲ್ಲ, ಹದಿನೈದು ಸಾವಿರ ಮಾಡಿ ಅಂದರು. ಸುಮಾ ಒಪ್ಪಿದರು.

ಇಂಥದ್ದೇ ಅನುಮಾನ ಇರುವವರು ಮೈಸೂರಿನ ಕೆ.ಆರ್. ಆಸ್ಪತ್ರೆ ಅಥವಾ ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಮಿಮ್ಸ್‌ನ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಎಲ್ಲಿಂದ ಶುರು ಮಾಡಬೇಕು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಈ ಸೀಸನ್ನಿನ ಬ್ಯಾಲೆನ್ಸ್ ಬಹುಪಾಲು ಛತ್ರದಲ್ಲೇ ಬಂದಿದೆ. ಹಳೇ ಬಾಕಿಯಲ್ಲಿ ಸ್ವಲ್ಪ ಮುಳುಗಿದ ಹಾಗೇ. ಎಲ್‌ಇಡಿ ವಾಲ್ ಮಾರೋಣ ಅನ್ನುತ್ತಾರೆ ಮಧು. ಈ ಬೆಲೆಗೆ ಬೇಡ, ಬಾಡಿಗೆಗೆ ಬಿಡೋಣ ಅನ್ನುತ್ತಾರೆ ಸುಮಾ. ಹದಿನೈದು ಸಾವಿರದ ನಿಯಮ ಮಾರುವುದಕ್ಕೂ ಅನ್ವಯಿಸುತ್ತಾ ಅಂತ ಇಬ್ಬರೂ ನನ್ನನ್ನೇ ಕೇಳುತ್ತಿದ್ದಾರೆ.