ಡೆಬಿಯನ್ 12 ಹಾಕುವಾಗ ವೈಫೈ ಕಾಣಿಸುತ್ತಿಲ್ಲ, ಲ್ಯಾಪ್‌ಟಾಪ್‌ನಲ್ಲಿ ಲ್ಯಾನ್ ಪೋರ್ಟ್ ಕೂಡ ಇಲ್ಲ. ಏನು ಮಾಡಲಿ?

ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ‘ಬ್ರಾಡ್‌ಕಾಮ್ ಬಿಸಿಎಂ43142’ ಅಂತ ತೋರಿಸುತ್ತಿದೆ ಎಂದು ಬರೆದಿದ್ದೀರಿ. ಒಳ್ಳೆಯದಾಯಿತು, ಎಷ್ಟೋ ಜನ ಇದನ್ನು ಹೇಳುವುದೇ ಇಲ್ಲ. ಅದು ನಿಮ್ಮ ವೈಫೈ ಕಾರ್ಡ್‌ನ ಚಿಪ್ಪಿನ ಹೆಸರು, ತೊಂದರೆ ಇರುವುದು ಅಲ್ಲೇ. ಕಾರ್ಡ್ ಕೆಟ್ಟಿಲ್ಲ, ನೀವು ಇಳಿಸಿಕೊಂಡ ಐಎಸ್ಒ (ಇನ್‌ಸ್ಟಾಲ್ ಮಾಡುವ ಫೈಲ್) ಕೂಡ ಸರಿಯಾಗಿಯೇ ಇದೆ. ಪೆನ್‌ಡ್ರೈವನ್ನು ಮತ್ತೆ ಮತ್ತೆ ಸಿದ್ಧ ಮಾಡುತ್ತಾ ಕೂರಬೇಡಿ.

ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 12ರಲ್ಲಿ ಫರ್ಮ್‌ವೇರ್ (ಹಾರ್ಡ್‌ವೇರ್ ಒಳಗೇ ಓಡುವ ಸಣ್ಣ ಸಾಫ್ಟ್‌ವೇರ್) ಜೊತೆಗೇ ಬರುತ್ತದಲ್ವಾ ಎಂದು ಕೇಳಿದ್ದೀರಿ. ನಿಜ. 2022ರಲ್ಲಿ ಡೆಬಿಯನ್‌ನವರು ಮತ ಹಾಕಿ ಹಾಗೆ ತೀರ್ಮಾನಿಸಿದರು, 2023ರ ಜೂನ್‌ನಲ್ಲಿ ಬಂದ 12ರಿಂದ ಅದು ಜಾರಿಗೆ ಬಂತು. ಇಂಟೆಲ್ ಕಾರ್ಡ್ ಇರುವವರಿಗೆ ಇದರಿಂದ ದೊಡ್ಡ ತಲೆನೋವೇ ತಪ್ಪಿತು. ಆದರೆ ನಿಮಗೆ ಬೇಕಾಗಿರುವುದು ಫರ್ಮ್‌ವೇರ್ ಅಲ್ಲ, ಡ್ರೈವರ್, ಅಂದರೆ ಲಿನಕ್ಸ್ ಆ ಕಾರ್ಡನ್ನು ನಡೆಸಲು ಬೇಕಾದ ಪ್ರೋಗ್ರಾಂ. ಕರ್ನಲ್ (ಲಿನಕ್ಸ್‌ನ ತಿರುಳು) ಜೊತೆ ಬರುವ ಬಿ43 ಡ್ರೈವರ್ ಈ ಚಿಪ್ಪನ್ನು ನಡೆಸುವುದಿಲ್ಲ. ಬ್ರಾಡ್‌ಕಾಮ್ ಕಂಪನಿಯೇ ಕೊಟ್ಟಿರುವ ‘ಡಬ್ಲ್ಯುಎಲ್’ ಡ್ರೈವರ್ ಬೇಕು, ಅದನ್ನು ನಿಮ್ಮ ಕರ್ನಲ್‌ಗೆ ತಕ್ಕಂತೆ ಕಂಪೈಲ್ ಮಾಡಬೇಕು, ಅಂದರೆ ನಿಮ್ಮ ಯಂತ್ರದಲ್ಲೇ ಕೋಡ್‌ನಿಂದ ತಯಾರಿಸಬೇಕು. ಅದನ್ನು ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ವೈಫೈ ಬೇಕು!

ಇದಕ್ಕೆ ನಾನು ಯಾವಾಗಲೂ ಹೇಳುವ ದಾರಿ ಆಂಡ್ರಾಯ್ಡ್ ಫೋನ್. ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ, ಸೆಟ್ಟಿಂಗ್ಸ್‌ನಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಇನ್‌ಸ್ಟಾಲರ್‌ನಲ್ಲಿ ಹಿಂದೆ ಹೋಗಿ ನೆಟ್‌ವರ್ಕ್ ಹಾರ್ಡ್‌ವೇರ್ ಹುಡುಕುವ ಹಂತವನ್ನು ಇನ್ನೊಮ್ಮೆ ನಡೆಸಿ. ಫೋನ್ ಅದಕ್ಕೆ ವೈರ್ಡ್ ಕಾರ್ಡ್ ಥರ ಕಾಣಿಸುತ್ತದೆ. ಫೋನನ್ನು ಮನೆಯ ವೈಫೈಗೆ ಸೇರಿಸಿಟ್ಟರೆ ಸಾಮಾನ್ಯವಾಗಿ ಅದೇ ಸಂಪರ್ಕ ಲ್ಯಾಪ್‌ಟಾಪ್‌ಗೂ ಸಿಗುತ್ತದೆ, ಮೊಬೈಲ್ ಡೇಟಾ ಖರ್ಚಾಗುವುದಿಲ್ಲ. ಟೆದರಿಂಗ್ ಬಟನ್ ಒತ್ತಲು ಬರದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ. ಕೆಲವು ಕೇಬಲ್‌ಗಳಲ್ಲಿ ಚಾರ್ಜ್ ಮಾತ್ರ ಆಗುತ್ತದೆ.

ಇನ್‌ಸ್ಟಾಲ್ ಮುಗಿದ ಮೇಲೂ ಫೋನ್ ಬಿಚ್ಚಬೇಡಿ. ಬ್ರಾಡ್‌ಕಾಮ್ ಡ್ರೈವರ್‌ನ ಪ್ಯಾಕೇಜ್ ಇರುವುದು ಡೆಬಿಯನ್ ಸಂಗ್ರಹದ ‘ನಾನ್-ಫ್ರೀ’ ವಿಭಾಗದಲ್ಲಿ. ಇನ್‌ಸ್ಟಾಲರ್ ತಾನಾಗಿಯೇ ಸೇರಿಸುವುದು ‘ನಾನ್-ಫ್ರೀ-ಫರ್ಮ್‌ವೇರ್’ ಅನ್ನು. ಎರಡೂ ಒಂದೇ ಅಲ್ಲ, ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ಹಾಗಾಗಿ ಸೋರ್ಸಸ್ ಲಿಸ್ಟ್ ಫೈಲ್ (ಪ್ಯಾಕೇಜ್‌ಗಳನ್ನು ಎಲ್ಲಿಂದ ತರಬೇಕೆಂಬ ಪಟ್ಟಿ) ತೆರೆದು ಡೆಬಿಯನ್ ಸಾಲುಗಳ ಕೊನೆಗೆ ‘ಕಾಂಟ್ರಿಬ್’, ‘ನಾನ್-ಫ್ರೀ’ ಎರಡನ್ನೂ ಸೇರಿಸಿ. ಆಮೇಲೆ ಟರ್ಮಿನಲ್‌ನಲ್ಲಿ ‘ಆಪ್ಟ್ ಅಪ್‌ಡೇಟ್’ ಆಜ್ಞೆ ಕೊಟ್ಟು, ‘ಲಿನಕ್ಸ್-ಹೆಡರ್ಸ್-ಎಎಂಡಿ64’ ಮತ್ತು ‘ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್’ ಹಾಕಿ ರೀಬೂಟ್ ಮಾಡಿ. ಹೆಡರ್ಸ್ ಬಿಟ್ಟರೆ ಡ್ರೈವರ್ ಕಂಪೈಲ್ ಆಗುವುದಿಲ್ಲ.

ಆದರೂ ವೈಫೈ ಬರಲಿಲ್ಲವೇ? ಸೆಕ್ಯೂರ್ ಬೂಟ್ ಮೇಲೆ ಅನುಮಾನಪಡಿ. ಅದು ಆನ್ ಇದ್ದರೆ ಸಹಿ ಇಲ್ಲದ ಡ್ರೈವರನ್ನು ಕರ್ನಲ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಡಿಕೆಎಂಎಸ್‌ನ (ಡ್ರೈವರನ್ನು ಕಂಪೈಲ್ ಮಾಡುವ ಸಾಧನ) ಸಹಿ ಕೀಯನ್ನು ನೋಂದಾಯಿಸುವ ದಾರಿಯೂ ಇದೆ, ಆದರೆ ಮೊದಲ ಸಲ ಲಿನಕ್ಸ್ ಹಾಕುವವರಿಗೆ ಬಯಾಸ್‌ನಲ್ಲಿ ಸೆಕ್ಯೂರ್ ಬೂಟನ್ನು ಆಫ್ ಮಾಡುವುದೇ ಸುಲಭ. ಅದೇ ಯಂತ್ರದಲ್ಲಿ ವಿಂಡೋಸ್ ಉಳಿಸಿಕೊಂಡಿದ್ದು ಬಿಟ್‌ಲಾಕರ್ (ವಿಂಡೋಸ್ ಡಿಸ್ಕ್‌ಗೆ ಹಾಕುವ ಬೀಗ) ಆನ್ ಇದ್ದರೆ, ಅದಕ್ಕೂ ಮುಂಚೆ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ವಿಂಡೋಸ್ ಬಾಗಿಲಲ್ಲೇ ನಿಲ್ಲಿಸೀತು.

ಉಬುಂಟು ಅಥವಾ ಮಿಂಟ್ ಹಾಕಿ ಎಂದು ನಿಮ್ಮ ಗೆಳೆಯರು ಹೇಳಿದ್ದು ತಪ್ಪೇನಲ್ಲ. ಅವೂ ಲಿನಕ್ಸ್‌ನ ಬಗೆಗಳೇ; ಇದೇ ಡ್ರೈವರ್ ಉಬುಂಟುವಿನಲ್ಲಿ ‘ಅಡಿಷನಲ್ ಡ್ರೈವರ್ಸ್’, ಮಿಂಟ್‌ನಲ್ಲಿ ‘ಡ್ರೈವರ್ ಮ್ಯಾನೇಜರ್’ ಮೂಲಕ ಸಿಗುತ್ತದೆ, ಕೆಲಸ ಸ್ವಲ್ಪ ಕಡಿಮೆ. ಆದರೆ ಡೆಬಿಯನ್ನೇ ಬೇಕು ಅಂತಿದ್ದರೆ ಇಷ್ಟಕ್ಕೆ ಬಿಡಬೇಡಿ.

ಅಂದಹಾಗೆ, ವೈಫೈ ಬಂದ ಮೇಲೆ ನಿಮ್ಮ ರೂಟರ್‌ನ 5 ಗಿಗಾಹರ್ಟ್ಸ್ ಹೆಸರು ಪಟ್ಟಿಯಲ್ಲಿ ಇಲ್ಲ ಅಂತ ಗಾಬರಿಯಾಗಬೇಡಿ. ಈ ಚಿಪ್ಪಿಗೆ 2.4 ಮಾತ್ರ ಗೊತ್ತು, ವಿಂಡೋಸ್‌ನಲ್ಲೂ ಅಷ್ಟೇ.