ಸ್ಪ್ರಿಂಗ್ ಗಾಳವನ್ನು ರಾತ್ರಿಯಿಡೀ ಬಿಟ್ಟು ಬರಬಹುದಾ?

ಉಡುಪಿಯ ಕೋಡಿಬೆಂಗ್ರೆ ಅಳಿವೆಯಲ್ಲಿ, ಮೀನು ಕಚ್ಚಿದೊಡನೆ ನೂಲನ್ನು ತಾನೇ ಜಗ್ಗುವ ಸ್ಪ್ರಿಂಗ್ ಗಾಳ ಕಟ್ಟಿ, ಬೆಳಿಗ್ಗೆ ಹೋಗಿ ಮೀನು ತರಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ.

ಮೊದಲು ಕಾನೂನು. ನಮ್ಮ ರಾಜ್ಯದಲ್ಲಿ ಸಮುದ್ರಕ್ಕೆ 1986ರ ಮೀನುಗಾರಿಕೆ ಕಾಯ್ದೆ, ನದಿ-ಕೆರೆಗಳಿಗೆ 1996ರ ಕಾಯ್ದೆ ಇದೆ. ಅಳಿವೆಯಲ್ಲಿ ಎರಡೂ ನೀರು ಸೇರುತ್ತದೆ. ಹಾಗಾಗಿ ಜಾಗದ ಹೆಸರು ಹೇಳಿ ಉಡುಪಿಯ ಮೀನುಗಾರಿಕೆ ಇಲಾಖೆಯಲ್ಲೇ ಕೇಳಿ. ಅಂಗಡಿಯಲ್ಲಿ ಸಿಗುತ್ತದೆ ಅಂದ ಮಾತ್ರಕ್ಕೆ ಅನುಮತಿ ಇದೆ ಅಂತಲ್ಲ. ಅಮೆರಿಕದ ಲೂಸಿಯಾನದಲ್ಲಿ ಇಂಥದ್ದಕ್ಕೆ ಯೋ-ಯೋ ಅನ್ನುತ್ತಾರೆ. ಅಲ್ಲೂ ಹೆಸರು-ವಿಳಾಸದ ಚೀಟಿ ಕಟ್ಟಬೇಕು, 24 ಗಂಟೆಯೊಳಗೆ ಮೀನು ತೆಗೆಯಬೇಕು.

ನನಗೆ ಬೇಜಾರಾಗುವುದು ಬೇರೆ ಕಾರಣಕ್ಕೆ. ಕಳೆದ ವರ್ಷ ಕಾಂಡ್ಲದ (ಮ್ಯಾಂಗ್ರೋವ್) ಬೇರಿಗೆ ಯಾರೋ ಕಟ್ಟಿಹೋದ ಗಾಳದಲ್ಲಿ ನೀರುಕಾಗೆ ಸಿಕ್ಕಿತ್ತು. ಕೊಕ್ಕೆ ಗಂಟಲಿಗೆ ಇಳಿದಿತ್ತು, ರೆಕ್ಕೆ ಕೆಸರಲ್ಲಿ ಬಡಿಯುತ್ತಿತ್ತು. ನೂಲು ಕತ್ತರಿಸಿದೆ, ಉಳಿಯಲಿಲ್ಲ. ಸ್ಪ್ರಿಂಗಿಗೆ ಕಾಣೆ ಮೀನೂ ಒಂದೇ, ಹಕ್ಕಿಯೂ ಒಂದೇ. ಮರಿ ಮೀನು ಸಿಕ್ಕರೆ ಬಿಡಲು ನೀವು ಅಲ್ಲಿರಬೇಕು ಅಲ್ವಾ?

ಪಕ್ಕದಲ್ಲೇ ಕೂತು ಬಳಸುವುದಾದರೆ ನನ್ನ ತಕರಾರಿಲ್ಲ. ಕೈ ನಡುಗುವ ಹಿರಿಯರಿಗೆ ಅದು ಅನುಕೂಲವೇ. ಆದರೆ ನೂಲು ಜಗ್ಗಿದಾಗ ಬೆರಳಿಗೆ ಆಗುವ ಆ ಜುಮ್ ಇದೆಯಲ್ಲ, ಗಾಳ ಹಾಕುವುದೇ ಅದಕ್ಕೆ. ಒಂದು ಸಂಜೆ ಉಬ್ಬರದ ಹೊತ್ತಿಗೆ ಸಿಗಡಿ ಸಿಕ್ಕಿಸಿ ಕೈಗಾಳ ಹಾಕಿ ನೋಡಿ.