ಮೊದಲ ರೇಸಿಗೆ ಹಳೇ ಎಸ್ಟೀಮ್‌ನ ಪವರ್ ಹೆಚ್ಚಿಸಿಕೊಂಡು ಹೋಗಲಾ, ಇದ್ದ ಹಾಗೇ ಹೋಗಲಾ?

ಕೈಯಲ್ಲಿ ಒಂದೂವರೆ ಲಕ್ಷ, ಮನೆಯಲ್ಲಿ ಹಳೇ ಮಾರುತಿ ಎಸ್ಟೀಮ್ ಕಾರು, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ಮೊದಲ ರೇಸು. ನಿಮ್ಮ ಪ್ರಶ್ನೆ ಓದಿದ ಕೂಡಲೇ ಎದೆ ಧಸಕ್ ಅಂತು. ಹನ್ನೊಂದು ವರ್ಷದ ಹಿಂದೆ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಮುಂದೆ ಓಡಾಡುತ್ತಾ ನಾನು ಕೇಳಿಕೊಂಡಿದ್ದು ಇದೇ ಪ್ರಶ್ನೆ. ಕಾರು ಕೂಡ ಅದೇ. 1.3 ಲೀಟರ್, 85 ಬಿಎಚ್‌ಪಿ, ಬಿಳಿ ಬಣ್ಣ.

ನಾನು ಪವರ್ ಹೆಚ್ಚಿಸಿದೆ. ಇಂಜಿನ್ನಿನ ಮೇಲ್ಭಾಗವಾದ ಹೆಡ್ ಅನ್ನು ಸ್ವಲ್ಪ ತುರಿಸಿದೆ, ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಬದಲಾಯಿಸಿದೆ, ಫ್ರೀ ಫ್ಲೋ ಸೈಲೆನ್ಸರ್ ಹಾಕಿಸಿದೆ. ಇಂಜಿನ್ ಏಳು ಸಾವಿರ ಆರ್‌ಪಿಎಂ ದಾಟುವ ಹಾಗೆ ಮಾಡಿಸಿದೆ. ರೋಲ್ ಕೇಜ್ (ಕಾರು ಉರುಳಿದರೆ ಕಾಯುವ ಕಬ್ಬಿಣದ ಚೌಕಟ್ಟು), ಸೀಟು, ಬೆಲ್ಟು ಇಲ್ಲದಿದ್ದರೆ ಟ್ರ್ಯಾಕಿಗೇ ಬಿಡಲ್ಲ, ಹಾಗಾಗಿ ಅವನ್ನೂ ಹಾಕಿಸಿದೆ. ಟೈರು ಮೆತ್ತನೆಯದು, ಹೆಚ್ಚು ಹಿಡಿತದ್ದು ತಗೊಂಡೆ. ಅಷ್ಟರಲ್ಲಿ ದುಡ್ಡು ಮುಗಿಯಿತು. ಕಾರು ಕಟ್ಟಿದ ನಮ್ಮ ಮೆಕ್ಯಾನಿಕ್ ಅಣ್ಣ ಆಗ ಒಂದು ಮಾತು ಹೇಳಿದರು. "ಸಾರ್, ಒಂದು ಆಯಿಲ್ ಪ್ರೆಶರ್ ಮೀಟರ್ ಹಾಕಿಬಿಡೋಣ. ಸಂಪ್ ಒಳಗೆ ಆಯಿಲ್ ಪಕ್ಕಕ್ಕೆ ಓಡದ ಹಾಗೆ ಅಡ್ಡ ತಗಡು ಬೆಸೆಯೋಣ. ಐದಾರು ಸಾವಿರ ಆಗುತ್ತೆ ಅಷ್ಟೇ." ಸಂಪ್ ಅಂದರೆ ಇಂಜಿನ್ ತಳದ ಆಯಿಲ್ ಪಾತ್ರೆ. ಮುಂದಿನ ರೇಸಿಗೆ ನೋಡೋಣ ಅಂದುಬಿಟ್ಟೆ.

ಗುರುವಾರ ರಾತ್ರಿ ಕಾರನ್ನು ಟ್ರಕ್ಕಿಗೆ ಏರಿಸಿದೆವು. ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಮುನ್ನೂರು ಕಿಲೋಮೀಟರ್ ಹೋದರೆ ಶ್ರೀಪೆರಂಬದೂರು, ಪಕ್ಕದಲ್ಲೇ ಟ್ರ್ಯಾಕು. ನಮ್ಮ ಕರ್ನಾಟಕದಲ್ಲಿ ಕಾರ್ ರೇಸಿಗೆ ಅಂತ ಕಾಯಂ ಸರ್ಕ್ಯೂಟ್ ಇಲ್ಲ. ಚಿಕ್ಕಮಗಳೂರಿನ ಕಡೆ ರ‍್ಯಾಲಿ ನಡೆಯುತ್ತೆ, ಬೆಂಗಳೂರಿನಲ್ಲಿ ಪುಟ್ಟ ರೇಸ್ ಬಂಡಿಗಳ ಕಾರ್ಟಿಂಗ್ ಇದೆ. ಸರ್ಕ್ಯೂಟ್ ರೇಸ್ ಅಂದರೆ ನಾವು ತಮಿಳುನಾಡಿಗೇ ಹೋಗಬೇಕು. ಮೊದಲು ಚೆನ್ನೈ ಹತ್ತಿರದ ಶೋಲಾವರಂನಲ್ಲಿ ಹಳೇ ವಿಮಾನ ಪಟ್ಟಿಯ ಮೇಲೆ ರೇಸ್ ಆಗುತ್ತಿತ್ತು. ಇರುಂಗಾಟ್ಟುಕೋಟ್ಟೈ ಟ್ರ್ಯಾಕು ರೇಸಿಗೆ ಅಂತಲೇ ಕಟ್ಟಿದ್ದು. 3.7 ಕಿಲೋಮೀಟರ್ ಉದ್ದ, 12 ತಿರುವು. ಟಿವಿಯಲ್ಲಿ ನೋಡಿದ್ದಕ್ಕೂ ಹೆಲ್ಮೆಟ್ ಒಳಗಿಂದ ನೋಡುವುದಕ್ಕೂ ಅಜಗಜಾಂತರ.

ಶುಕ್ರವಾರ ಪರಿಶೀಲನೆ, ಪ್ರ್ಯಾಕ್ಟೀಸು. ಶನಿವಾರ ಬೆಳಿಗ್ಗೆ ಯಾರು ಯಾವ ಜಾಗದಿಂದ ಹೊರಡಬೇಕು ಅಂತ ತೀರ್ಮಾನಿಸುವ ಕ್ವಾಲಿಫೈಯಿಂಗ್, ಮಧ್ಯಾಹ್ನ ಎಂಟು ಲ್ಯಾಪಿನ, ಅಂದರೆ ಎಂಟು ಸುತ್ತಿನ, ಮೊದಲ ರೇಸು. ಭಾನುವಾರ ಎರಡನೆಯದು. ಪರಿಶೀಲನೆಯಲ್ಲಿ ಕೇಜು, ಬೆಲ್ಟು, ಫೈರ್ ಎಕ್ಸ್‌ಟಿಂಗ್ವಿಶರ್, ಕಟ್-ಆಫ್ ಸ್ವಿಚ್, ಎಳೆಯುವ ಕೊಕ್ಕೆ ಎಲ್ಲ ನೋಡುತ್ತಾರೆ. ನಿಮ್ಮ ಆಯಿಲ್ ಎಷ್ಟಿದೆ ಅಂತ ಯಾರೂ ನೋಡಲ್ಲ. ಅದನ್ನು ನೋಡಬೇಕಾದವರು ನೀವು.

ನಾನು ಗುರುವಾರ ಬೆಂಗಳೂರಿನಲ್ಲಿ ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ, ಎಳೆದು ನೋಡಿದ್ದೆ. ಎರಡು ಗುರುತುಗಳ ಮಧ್ಯೆ ಇತ್ತು. ಸಾಕು ಅಂದುಕೊಂಡೆ. ಶುಕ್ರವಾರ ಮೂರು ಸಲ ಟ್ರ್ಯಾಕಿಗೆ ಇಳಿದೆ, ಪ್ರತಿ ಸಲ ಇಪ್ಪತ್ತು ನಿಮಿಷ. ಆಗಸ್ಟ್ ತಿಂಗಳು, ಅಲ್ಲಿನ ಸೆಕೆ ಗೊತ್ತಲ್ವಾ, ಸೂಟು ಒದ್ದೆ ಬಟ್ಟೆಯ ಹಾಗೆ ಮೈಗೆ ಅಂಟಿಕೊಂಡಿತ್ತು. ಸಂಜೆ ಟೈರಿನ ಗಾಳಿ ನೋಡಿದೆ. ಬ್ರೇಕ್ ಪ್ಯಾಡ್ ನೋಡಿದೆ. ಬಾನೆಟ್ ತೆಗೆದು ಆಯಿಲ್ ನೋಡಲಿಲ್ಲ. ಶನಿವಾರ ಬೆಳಿಗ್ಗೆಯೂ ನೋಡಲಿಲ್ಲ.

ಮಧ್ಯಾಹ್ನದ ರೇಸು. ಹದಿನಾಲ್ಕನೇ ಜಾಗದಿಂದ ಹೊರಟು, ಮೂರನೇ ಲ್ಯಾಪಿಗೆ ಹನ್ನೊಂದಕ್ಕೆ ಬಂದಿದ್ದೆ. ಮುಂದೆ ಒಂದು ಹಸಿರು ಕಾರು, ಮೂರು ಕಾರಿನಷ್ಟು ದೂರ. ನಾಲ್ಕನೇ ಲ್ಯಾಪಿನಲ್ಲಿ, ವೇಗವಾಗಿ ಹೋಗುವ ಉದ್ದನೆಯ ಬಲ ತಿರುವಿನಲ್ಲಿ, ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಲ್ಯಾಂಪ್ ಮಿಣಕ್ ಅಂತು. ಸ್ಟೀರಿಂಗ್ ನೇರ ಮಾಡುವಷ್ಟರಲ್ಲಿ ಆರಿಹೋಯಿತು. ವೈರ್ ಸಡಿಲ ಆಗಿರಬೇಕು ಅಂದುಕೊಂಡೆ. ಐದನೇ ಲ್ಯಾಪಿನಲ್ಲಿ ಅದೇ ಜಾಗದಲ್ಲಿ ಮತ್ತೆ ಹತ್ತಿತು. ಈ ಸಲ ತಿರುವಿನ ಅರ್ಧಕ್ಕೂ ಜಾಸ್ತಿ ಹೊತ್ತು. ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದ ಟೈಮರ್‌ನಲ್ಲಿ ಆ ವಾರಾಂತ್ಯದ ನನ್ನ ಅತಿ ಒಳ್ಳೆಯ ಲ್ಯಾಪ್ ಕಾಣಿಸುತ್ತಿತ್ತು. ಹಸಿರು ಕಾರು ಈಗ ಒಂದೇ ಕಾರಿನಷ್ಟು ದೂರ. ನಾನು ಆಕ್ಸಿಲರೇಟರ್‌ನಿಂದ ಕಾಲು ಎತ್ತಲಿಲ್ಲ.

ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ.

ಚಾರ್ಮಾಡಿ ಘಾಟಿಯಲ್ಲಿ ಬಸ್ಸು ತಿರುಗುವಾಗ ಕೈಯಲ್ಲಿರುವ ಕಾಫಿ ಲೋಟ ನೋಡಿದ್ದೀರಾ? ಕಾಫಿ ಒಂದು ಕಡೆ ಏರುತ್ತೆ, ಇನ್ನೊಂದು ಕಡೆ ತಳ ಕಾಣುತ್ತೆ. ಇಂಜಿನ್ ಕೆಳಗಿನ ಆಯಿಲ್ ಸಂಪ್ ಕೂಡ ಹಾಗೇ ಒಂದು ತೆರೆದ ಪಾತ್ರೆ. ತಿರುವಿನಲ್ಲಿ ಕಾರಿನ ಮೇಲೆ ಅಡ್ಡಕ್ಕೆ ಒಂದು 'ಜಿ' ಬಲ, ಅಂದರೆ ಅದರ ತೂಕದಷ್ಟೇ ಬಲ, ಬಿದ್ದರೆ, ಒಳಗಿನ ಆಯಿಲ್ ಸರಿಯಾಗಿ 45 ಡಿಗ್ರಿ ಓರೆಯಾಗಿ ನಿಲ್ಲುತ್ತೆ. ಒಳ್ಳೆ ಟೈರ್ ಹಾಕಿದ ಕಾರು ಅದರ ಹತ್ತಿರ ಹತ್ತಿರ ಹೋಗುತ್ತೆ. ಆಗ ಪಂಪು ಆಯಿಲ್ ಹೀರುವ ಪೈಪಿನ ಬಾಯಿ ಹೊರಗೆ ಬಂದುಬಿಡಬಹುದು. ಪಂಪು ಆಯಿಲ್ ಬದಲು ಗಾಳಿ ಹೀರುತ್ತೆ. ಊರಿನ ರಸ್ತೆಯಲ್ಲಿ ಯಾವ ತಿರುವೂ ಅಷ್ಟು ಜೋರಲ್ಲ, ಅಷ್ಟು ಉದ್ದವೂ ಅಲ್ಲ. ಟ್ರ್ಯಾಕಿನ ಉದ್ದ ತಿರುವಿನಲ್ಲಿ ನಾಲ್ಕೈದು ಸೆಕೆಂಡು ಹಾಗೇ ಇರುತ್ತೀರಿ. ಇಂಜಿನ್ನಿನ ತಿರುಗುವ ದಂಡ ಕ್ರ್ಯಾಂಕ್, ಅದರ ಬೇರಿಂಗಿಗೆ ಆ ನಾಲ್ಕೈದು ಸೆಕೆಂಡು ಬಹಳ ದೊಡ್ಡದು. ಕಬ್ಬಿಣವೂ ಬೇರಿಂಗೂ ಒಂದಕ್ಕೊಂದು ತಾಗದ ಹಾಗೆ ಕಾಯುವುದು ಆಯಿಲ್‌ನ ತೆಳ್ಳನೆ ಪದರ ಒಂದೇ.

ಡಿಪ್‌ಸ್ಟಿಕ್‌ನ ಮೇಲಿನ ಗುರುತಿಗೂ ಕೆಳಗಿನ ಗುರುತಿಗೂ ಸಾಮಾನ್ಯವಾಗಿ ಒಂದು ಲೀಟರಿನಷ್ಟು ವ್ಯತ್ಯಾಸ. ನನ್ನ ಇಂಜಿನ್ ಹಿಡಿಯುತ್ತಿದ್ದುದೇ ಮೂರೂವರೆ ಲೀಟರ್ ಆಸುಪಾಸು. ಹಳೇ ಇಂಜಿನ್, ಇಡೀ ದಿನ ಏಳು ಸಾವಿರದಲ್ಲಿ ಓಡಿದರೆ ಆಯಿಲ್ ಕುಡಿಯದೇ ಇರುತ್ತಾ? ಗುರುವಾರ ಮಧ್ಯೆ ಇದ್ದದ್ದು ಶನಿವಾರಕ್ಕೆ ಕೆಳಗಿನ ಗುರುತು ದಾಟಿ ಇಳಿದಿರಬೇಕು.

ಇನ್ನು ನಾನು ದುಡ್ಡು ಸುರಿದದ್ದನ್ನು ನೋಡಿ. ಟೈರಿನ ಹಿಡಿತ ಜಾಸ್ತಿ ಆದಷ್ಟೂ ಆಯಿಲ್ ಇನ್ನೂ ಓರೆಯಾಗಿ ಏರುತ್ತೆ. ಆರ್‌ಪಿಎಂ ಜಾಸ್ತಿ ಆದಷ್ಟೂ ಪಂಪು ಹೆಚ್ಚು ಆಯಿಲನ್ನು ಹೆಡ್‌ಗೆ ತಳ್ಳುತ್ತೆ, ಅದು ವಾಪಸ್ ಕೆಳಗೆ ಇಳಿಯಲು ಹೊತ್ತು ಬೇಕು, ಅಷ್ಟರಲ್ಲಿ ಸಂಪ್ ಇನ್ನೂ ಬರಿದಾಗುತ್ತೆ. ಅಂದರೆ ನಾನು ಕೊಟ್ಟ ಒಂದೊಂದು ರೂಪಾಯಿಯೂ ಆ ಬೇರಿಂಗನ್ನೇ ಒಣಗಿಸಲು ಹೋಯಿತು.

ಲ್ಯಾಂಪ್ ವಿಷಯ ಇನ್ನೂ ಮುಖ್ಯ. ಆಯಿಲ್ ಕಡಿಮೆ ಇದೆ ಎಂದು ಹೇಳುವ ಲ್ಯಾಂಪ್ ಅಲ್ಲ ಅದು. ಮಾಮೂಲಿ ಕಾರುಗಳಲ್ಲಿ ಆಯಿಲ್ ಒತ್ತಡ ಅರ್ಧ ಬಾರ್‌ಗಿಂತ (ಬಾರ್ ಅಂದರೆ ಒತ್ತಡದ ಅಳತೆ) ಕೆಳಗೆ ಬಿದ್ದ ಮೇಲೆ ಹತ್ತುತ್ತೆ. ಆರೂವರೆ ಸಾವಿರ ಆರ್‌ಪಿಎಂನಲ್ಲಿ ಇಂಜಿನ್‌ಗೆ ನಾಲ್ಕು ಬಾರ್ ಹತ್ತಿರ ಬೇಕು. ಲ್ಯಾಂಪ್ ಕಣ್ಣಿಗೆ ಬೀಳುವ ಹೊತ್ತಿಗೆ ಕೆಲಸ ಆಗಿಹೋಗಿರುತ್ತೆ. ಮೀಟರ್ ಇದ್ದಿದ್ದರೆ ಶುಕ್ರವಾರವೇ ಆ ತಿರುವಿನಲ್ಲಿ ಮುಳ್ಳು ಕುಸಿಯುವುದು ಕಾಣುತ್ತಿತ್ತು. ಮೀಟರ್ ಇಲ್ಲದಿದ್ದರೂ ನಾಲ್ಕನೇ ಲ್ಯಾಪಿನಲ್ಲಿ ಕ್ಲಚ್ ಒತ್ತಿ, ಇಂಜಿನ್ ಆಫ್ ಮಾಡಿ, ಕಾರನ್ನು ಟ್ರ್ಯಾಕ್ ಕಾಯುವ ಮಾರ್ಷಲ್‌ಗಳು ನಿಲ್ಲುವ ಪೋಸ್ಟ್ ಪಕ್ಕದ ಹುಲ್ಲಿಗೆ ಉರುಳಿಸಿದ್ದರೆ ಬರೀ ಬೇರಿಂಗ್ ಸೆಟ್ಟಿನಲ್ಲಿ ಮುಗಿಯುತ್ತಿತ್ತೇನೋ. ಕಾರು ನೋಡಿಕೊಳ್ಳುವ ಜಾಗವಾದ ಪಿಟ್‌ವರೆಗೂ ಓಡಿಸಬಾರದು. ಅಲ್ಲೇ, ಆಗಲೇ.

ಆರನೇ ಲ್ಯಾಪಿನಲ್ಲಿ ಅದೇ ತಿರುವಿನಿಂದ ಹೊರಬರುವಾಗ ಕೆಳಗಿಂದ ಟಕಟಕ ಶಬ್ದ ಶುರುವಾಯಿತು. ಬಾಗಿಲು ಬಡಿದ ಹಾಗೆ. ನಾಲ್ಕು ಬಡಿತ, ಐದು ಬಡಿತ, ಆಮೇಲೆ ಒಂದು ದೊಡ್ಡ ಸದ್ದು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಮುರಿದು ಇಂಜಿನ್ ಬ್ಲಾಕ್ ಸೀಳಿಕೊಂಡು ಹೊರಬಂದಿತ್ತು. ಬಿಸಿ ಆಯಿಲ್ ಎಲ್ಲ ನನ್ನ ಟೈರಿಗೇ ಬಿತ್ತು. ಕಾರು ಒಂದು ಸುತ್ತು ತಿರುಗಿ ಹುಲ್ಲಿನಲ್ಲಿ ನಿಂತಿತು. ಒಬ್ಬ ಮಾರ್ಷಲ್ ಎಕ್ಸ್‌ಟಿಂಗ್ವಿಶರ್ ಹಿಡಿದು ಓಡಿ ಬಂದ. ಇನ್ನೊಬ್ಬ ಹಳದಿ ಮೇಲೆ ಕೆಂಪು ಪಟ್ಟೆಯ ಬಾವುಟ ಎತ್ತಿ ಹಿಡಿದಿದ್ದ. ಟ್ರ್ಯಾಕ್ ಜಾರುತ್ತೆ ಅಂತ ಅದರ ಅರ್ಥ. ಬಾವುಟ ಏಳುವುದಕ್ಕೆ ಮುಂಚೆಯೇ ನನ್ನ ಹಿಂದಿನ ಕಾರು ಆ ಆಯಿಲ್ ಮೇಲೆ ಬಂದಿತ್ತು. ಜಾರಿ ಹೋಗಿ ಟೈರುಗಳ ಗೋಡೆಗೆ ಬಡಿಯಿತು.

ಅವರಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಕಾರಿನ ಮುಂಭಾಗ ಪೂರ್ತಿ ಹೋಯಿತು. ಸಂಜೆ ಅವರ ಗ್ಯಾರೇಜಿಗೆ ಹೋಗಿ ಕ್ಷಮೆ ಕೇಳಿದೆ. ಚೆನ್ನೈನವರು, ನನಗಿಂತ ಚಿಕ್ಕವರು, ಅವರಿಗೂ ಅದು ಮೊದಲ ವರ್ಷ. "ಪರವಾಯಿಲ್ಲೆ ಅಣ್ಣಾ" ಅಂದರು. ನನ್ನ ಕೈ ಹಿಡಿದುಕೊಂಡೇ ಅಂದರು. ಲ್ಯಾಂಪ್ ಎರಡು ಲ್ಯಾಪು ಮುಂಚೆಯೇ ಹತ್ತಿತ್ತು ಅಂತ ಅವರಿಗೆ ಹೇಳಲು ಆಗ ನನ್ನಿಂದ ಆಗಲಿಲ್ಲ. ಮಾರನೇ ದಿನ ಬೆಳಿಗ್ಗೆ ಹೋಗಿ ಹೇಳಿದೆ.

ಆ ಸಂಜೆ ನಮ್ಮ ಮೆಕ್ಯಾನಿಕ್ ಅಣ್ಣ ಸಂಪಿನಲ್ಲಿ ಉಳಿದಿದ್ದ ಆಯಿಲನ್ನು ಒಂದು ಸ್ಟೀಲ್ ತಟ್ಟೆಗೆ ಸುರಿದು ಟಾರ್ಚ್ ಬಿಟ್ಟು ತೋರಿಸಿದರು. ಕಪ್ಪು ಆಯಿಲ್ ತುಂಬ ಸಣ್ಣ ಸಣ್ಣ ಮಿಂಚು. ಬೆರಳಲ್ಲಿ ಉಜ್ಜಿದರೆ ನುಣ್ಣನೆಯ ಮರಳಿನ ಹಾಗೆ. ನನ್ನ ಬೇರಿಂಗ್ ಅದು. ಅವರು ಏನೂ ಮಾತಾಡಲಿಲ್ಲ.

ಭಾನುವಾರ ಊರಿಗೆ ಹೊರಡಬಹುದಿತ್ತು. ಹೊರಡಲಿಲ್ಲ. ಇಡೀ ದಿನ ಬೇಲಿ ಪಕ್ಕ ನಿಂತು ಬೇರೆಯವರ ಕಾರು ನೋಡಿದೆ. ಐವತ್ತು ದಾಟಿದ ಒಬ್ಬರು ನನ್ನ ಹಾಗೇ ಎಸ್ಟೀಮ್ ಓಡಿಸುತ್ತಿದ್ದರು. ಇಂಜಿನ್ ಮುಟ್ಟೇ ಇರಲಿಲ್ಲ, ಕಂಪನಿ ಕೊಟ್ಟ 85 ಬಿಎಚ್‌ಪಿ. ಲ್ಯಾಪಿಗೆ ನನಗಿಂತ ಮೂರು ಸೆಕೆಂಡು ಬೇಗ. ಅವರು ಬ್ರೇಕ್ ಒತ್ತುವಾಗ ಕಾರು ಅಲುಗಾಡುತ್ತಿರಲಿಲ್ಲ. ತಿರುವಿನೊಳಗೆ ಸ್ಟೀರಿಂಗ್ ಒಂದೇ ಸಲ ತಿರುಗಿಸುತ್ತಿದ್ದರು, ಆಮೇಲೆ ನಿಧಾನವಾಗಿ ಬಿಚ್ಚುತ್ತಿದ್ದರು. ನಾನು ಒಂದು ತಿರುವಿನಲ್ಲಿ ನಾಲ್ಕು ಸಲ ತಿರುಗಿಸಿ ಸರಿಮಾಡುತ್ತಿದ್ದೆ. ರೇಸ್ ಮುಗಿದ ಮೇಲೆ ಕೇಳಿಕೊಂಡು ಅವರ ಕಾರಿನೊಳಗೆ ಇಣುಕಿದೆ. ಕಣ್ಣಿಗೆ ನೇರ ಎದುರಿಗೆ ಆಯಿಲ್ ಪ್ರೆಶರ್ ಮೀಟರ್, ಪಕ್ಕದಲ್ಲಿ ಲಾರಿಗೆ ಹಾಕುವ ದೊಡ್ಡ ಕಿತ್ತಳೆ ಬಣ್ಣದ ಲ್ಯಾಂಪ್. ಸ್ಪೀಡೋಮೀಟರ್ ಕಿತ್ತು ಹಾಕಿದ್ದರು.

ಈಗ ನಿಮ್ಮ ವಿಷಯ. ಪವರ್ ಹೆಚ್ಚಿಸಲೋ ಬೇಡವೋ ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ನಿಮ್ಮ ಕಾರನ್ನು ಮೊದಲ ರೇಸಿಗೆ ಒಯ್ಯಲೇಬೇಡಿ. ಆರು ತಿಂಗಳು ಬೆಂಗಳೂರಿನಲ್ಲೇ ಕಾರ್ಟಿಂಗ್ ಮಾಡಿ. ವಾರಕ್ಕೊಮ್ಮೆ ಹೋದರೂ ಸಾಕು, ಕೈ ಕಾಲು ಪಳಗುತ್ತೆ. ಆಮೇಲೆ ದೇಶದ ಮೋಟಾರ್ ರೇಸ್ ನೋಡಿಕೊಳ್ಳುವ ಸಂಸ್ಥೆ ಎಫ್‌ಎಂಎಸ್‌ಸಿಐನ ಲೈಸೆನ್ಸ್ ಮಾಡಿಸಿಕೊಂಡು, ಯಾವುದಾದರೂ ತಂಡದ ಕಾರನ್ನು ಒಂದು ವಾರಾಂತ್ಯಕ್ಕೆ ಬಾಡಿಗೆಗೆ ತಗೊಳ್ಳಿ. ಫಾರ್ಮುಲಾ ಎಲ್‌ಜಿಬಿ 4 ಕಾರುಗಳಿವೆ, ಮಾರುತಿ ಸ್ವಿಫ್ಟ್‌ನ 1300 ಸಿಸಿ ಇಂಜಿನ್, ಒಬ್ಬರೇ ಕೂರುವಂಥದ್ದು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಎರಡು ಕಿಲೋಮೀಟರ್ ಚಿಲ್ಲರೆ ಅಷ್ಟೇ, ಹೊಸಬರಿಗೆ ಅದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಬಾಡಿಗೆ ದುಬಾರಿ ಅನ್ನಿಸುತ್ತೆ, ಗೊತ್ತು. ಆದರೆ ಎಷ್ಟು ಹೋಗುತ್ತೆ ಅಂತ ಮೊದಲೇ ಗೊತ್ತಿರುತ್ತೆ. ನನ್ನ ಇಂಜಿನ್ ಶಿವಾಜಿನಗರದ ಗುಜರಿಯಿಂದ ತಂದ ಬ್ಲಾಕು, ಕ್ರ್ಯಾಂಕು, ಲೇತ್ ಕೂಲಿ ಎಲ್ಲ ಸೇರಿ 78 ಸಾವಿರ ತಿಂದಿತು. ಹಿಂದಿನ ಕಾರಿನವರ ಮುಂಭಾಗಕ್ಕೆ ಅರ್ಧ ದುಡ್ಡು ನಾನೇ ಒತ್ತಾಯ ಮಾಡಿ ಕೊಟ್ಟೆ.

ಇಲ್ಲ, ನನ್ನ ಕಾರೇ ಬೇಕು ಅಂತ ಹಠ ಇದ್ದರೆ ಇಂಜಿನ್ ಮುಟ್ಟಬೇಡಿ. ಮೊದಲು ಕೇಜು, ಸೀಟು, ಬೆಲ್ಟು. ಆಮೇಲೆ ಸಂಪಿಗೆ ಅಡ್ಡ ತಗಡು, ಕಣ್ಣೆದುರಿಗೆ ಮೀಟರು. ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸಿ. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 230 ಡಿಗ್ರಿವರೆಗೆ ಕುದಿಯಲ್ಲ. ಗಾಳಿಯ ತೇವ ಹೀರಿಕೊಂಡ ಹಳೇದಾದರೆ 155ಕ್ಕೇ ಕುದಿಯಬಹುದು, ಆಗ ಬ್ರೇಕ್ ಹಿಡಿಯದೆ ಪೆಡಲ್ ನೆಲ ಮುಟ್ಟುತ್ತೆ. ಪ್ರತಿ ಸಲ ಟ್ರ್ಯಾಕಿನಿಂದ ಬಂದ ಮೇಲೆ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಮೇಲಿನ ಗುರುತಿಗಿಂತ ಒಂದು ಕೂದಲೆಳೆ ಕೆಳಗಿದ್ದರೂ ತುಂಬಿಸಿ.

ನಾನು ಮರುವರ್ಷ ಅದೇ ಕಾರಿನಲ್ಲಿ ಹೋದೆ, ಕಂಪನಿ ಕ್ಯಾಮ್ ವಾಪಸ್ ಹಾಕಿಸಿ. ಎರಡನೇ ರೇಸಿನ ಐದನೇ ಲ್ಯಾಪಿನಲ್ಲಿ ಮೀಟರ್ ಮುಳ್ಳು ಆ ಬಲ ತಿರುವಿನಲ್ಲಿ ಮಾಮೂಲಿಗಿಂತ ಸ್ವಲ್ಪ ಕೆಳಗೆ ಇಳಿಯಿತು, ಎರಡು ಬಾರ್‌ಗಿಂತ ಮೇಲೇ ಇತ್ತು. ಒಂಬತ್ತನೇ ಜಾಗದಲ್ಲಿದ್ದೆ. ಕಾಲು ಎತ್ತಿ ಪಿಟ್‌ಗೆ ಬಂದೆ. ಮೆಕ್ಯಾನಿಕ್ ಅಣ್ಣ ಬಾನೆಟ್ ಎತ್ತಿ ನೋಡಿದರು, ಫಿಲ್ಟರ್ ಹತ್ತಿರ ಸಣ್ಣಗೆ ಸೋರುತ್ತಿತ್ತು. ಆ ಇಂಜಿನ್ ಇವತ್ತಿಗೂ ಓಡುತ್ತಿದೆ.

ಯಾವ ವರ್ಷದ ಎಸ್ಟೀಮ್, ಇಂಜಿನ್ ಒಮ್ಮೆಯಾದರೂ ಬೋರಿಗೆ (ಸವೆದ ಸಿಲಿಂಡರ್ ಕೊರೆದು ಸರಿಮಾಡುವ ಕೆಲಸಕ್ಕೆ) ಬಂದಿದೆಯಾ ಅಂತ ನೀವು ಬರೆದಿಲ್ಲ. ಬರೆಯಿರಿ. ಆ ಅಡ್ಡ ತಗಡಿನ ಅಳತೆ ನನ್ನ ಹತ್ತಿರ ಇದೆ, ಕಳಿಸುತ್ತೇನೆ.